ಹಣ್ಣಿನ ತ್ಯಾಜ್ಯದಿಂದ ಇಂಧನ: ಸಕ್ಕರೆಯ ಲೆಕ್ಕಕ್ಕಿಂತ ನೀರಿನ ಲೆಕ್ಕ ದೊಡ್ಡದು

ಪ್ರಶ್ನೆ: ನಮ್ಮದು ಹಣ್ಣಿನ ರಸ ಮತ್ತು ತಿರುಳು ತಯಾರಿಸುವ ಸಣ್ಣ ಘಟಕ. ಸೀಸನ್‌ನಲ್ಲಿ ದಿನಕ್ಕೆ ಒಂದೆರಡು ಟನ್ ಸಿಪ್ಪೆ, ಚರಟ, ಗೊರಟು, ಜೊತೆಗೆ ಅತಿಯಾಗಿ ಮಾಗಿದ ಹಣ್ಣು ಉಳಿಯುತ್ತದೆ. ಇದನ್ನೆಲ್ಲ ಹುದುಗಿಸಿ ಎಥನಾಲ್ ತೆಗೆದು ವಾಹನ ಓಡಿಸಬಹುದು ಎನ್ನುವ ವಿಡಿಯೊಗಳನ್ನು ನೋಡಿದ್ದೇನೆ. ಒಂದು ಟನ್‌ಗೆ ನಿಜವಾಗಿ ಎಷ್ಟು ಇಂಧನ ಸಿಗುತ್ತದೆ? ಸಿಪ್ಪೆಯಿಂದಲೂ ಬರುತ್ತದೆಯೇ? ಪೈರಾಲಿಸಿಸ್‌ನಂಥ (ಗಾಳಿಯಿಲ್ಲದೆ ಕಾಯಿಸಿ ಎಣ್ಣೆ ತೆಗೆಯುವ) ಬೇರೆ ದಾರಿ ಮೇಲೇ? ನಮ್ಮ ಅಳತೆಗೆ ಇದು ಗಿಟ್ಟುತ್ತದೆಯೇ?

ಉತ್ತರ: ಇಂಧನ ಬರುವುದು ನಿಜ, ಅದರಲ್ಲಿ ವಾಹನ ಓಡುವುದೂ ನಿಜ. ವಿಡಿಯೊಗಳು ಅರ್ಧ ಕತೆ ಹೇಳಿ ಸುಮ್ಮನಾಗುತ್ತವೆ, ಅಷ್ಟೆ. ಗುಳುಗುಳು ಎನ್ನುವ ಡ್ರಮ್ಮನ್ನು ತೋರಿಸುತ್ತಾರೆ, ನಳಿಕೆಯಿಂದ ತೊಟ್ಟಿಕ್ಕುವ ಸ್ಪಿರಿಟ್ಟನ್ನು ತೋರಿಸುತ್ತಾರೆ. ಭಟ್ಟಿಯ ಕೆಳಗೆ ಎಷ್ಟು ಸೌದೆ ಉರಿಯಿತು, ಕೊನೆಗೆ ಉಳಿದ ಹುಳಿನೀರನ್ನು ಎಲ್ಲಿಗೆ ಸುರಿದರು ಎಂಬುದು ಕ್ಯಾಮೆರಾಕ್ಕೆ ಬೀಳುವುದಿಲ್ಲ. ಗಿಟ್ಟುತ್ತದೆಯೇ ಎಂಬ ನಿಮ್ಮ ಪ್ರಶ್ನೆಯ ಉತ್ತರ ಇರುವುದೇ ಅಲ್ಲಿ.

ಮೊದಲು ಸಕ್ಕರೆಯನ್ನೇ ನೋಡೋಣ. ಮಾಗಿದ ಹಣ್ಣಿನ ನೂರು ಗ್ರಾಂ ತಿರುಳಿನಲ್ಲಿ ಸಕ್ಕರೆ ಎಷ್ಟಿರುತ್ತದೆ? ದ್ರಾಕ್ಷಿಯಲ್ಲಿ ಸುಮಾರು 15 ಗ್ರಾಂ, ಮಾವಿನಲ್ಲಿ 14ರ ಆಸುಪಾಸು, ಬಾಳೆಯಲ್ಲಿ 12, ಸೇಬು ಮತ್ತು ಅನಾನಸಿನಲ್ಲಿ 10, ಕಲ್ಲಂಗಡಿಯಲ್ಲಿ 6. ತಳಿ, ಹದ, ಮಳೆ ಎಲ್ಲ ಸೇರಿ ಇದು ಹೆಚ್ಚುಕಡಿಮೆ ಆಗುತ್ತದೆ. ಉಳಿದದ್ದರಲ್ಲಿ ಬಹುಪಾಲು ನೀರು, ಶೇ. 75ರಿಂದ 90ರವರೆಗೆ. ನೀವು ರಸ ಹಿಂಡಿ ತೆಗೆದ ಮೇಲೆ ಚರಟದಲ್ಲಿ ಉಳಿಯುವ ಸಕ್ಕರೆ ಇದಕ್ಕಿಂತ ಕಡಿಮೆ, ನೀರು ಮಾತ್ರ ಬಹಳವೇನೂ ಕಡಿಮೆಯಾಗಿರುವುದಿಲ್ಲ.

ಯೀಸ್ಟ್ ಈ ಸಕ್ಕರೆಯನ್ನು ತಿಂದು ಎರಡು ಪಾಲು ಮಾಡುತ್ತದೆ. 180 ಗ್ರಾಂ ಗ್ಲುಕೋಸ್ ಅಥವಾ ಫ್ರಕ್ಟೋಸ್ ಕೊಟ್ಟರೆ 92 ಗ್ರಾಂ ಎಥನಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಎಂಥ ಯೀಸ್ಟ್ ತಂದರೂ, ಎಷ್ಟೇ ಆಧುನಿಕ ಯಂತ್ರ ಇಟ್ಟರೂ ಈ ಮಿತಿಯನ್ನು ದಾಟಲಾಗದು. ಯಾರಾದರೂ ಒಂದು ಕೆಜಿ ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ಬರುತ್ತದೆ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಕಾಗದದ ಮೇಲಿನ ಗರಿಷ್ಠವೇ 0.65 ಲೀಟರ್ ಆಸುಪಾಸು. ಯೀಸ್ಟ್ ತಾನು ಬೆಳೆಯಲು ಒಂದಿಷ್ಟು ಸಕ್ಕರೆ ಬಳಸುತ್ತದೆ, ಗ್ಲಿಸರಾಲ್ ಮಾಡುತ್ತದೆ, ಬ್ಯಾಕ್ಟೀರಿಯಾಗಳು ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಚೆನ್ನಾಗಿ ನಡೆದ ಹುದುಗುವಿಕೆಯಲ್ಲಿ ಆ ಗರಿಷ್ಠದ ಶೇ. 85–90 ಸಿಗುತ್ತದೆ. ಬಟ್ಟಿ ಇಳಿಸುವಾಗ ಇನ್ನೂ ಸ್ವಲ್ಪ ಸೋರುತ್ತದೆ.

ಹಾಗಾಗಿ ಒಂದು ಟನ್ ಹಣ್ಣಿನಲ್ಲಿ ಶೇ. 10 ಸಕ್ಕರೆ ಇದೆ ಎಂದುಕೊಂಡರೆ: ಸಕ್ಕರೆ 100 ಕೆಜಿ, ಕೈಗೆ ಬರುವ ಎಥನಾಲ್ 41 ಕೆಜಿ ಆಸುಪಾಸು, ಅಂದರೆ ಸುಮಾರು 52 ಲೀಟರ್. ಒಂದು ಲೀಟರ್ ಎಥನಾಲ್‌ನಲ್ಲಿ 21 ಮೆಗಾಜೂಲ್ ಶಕ್ತಿ ಇದ್ದರೆ ಪೆಟ್ರೋಲ್‌ನಲ್ಲಿ 32 ಇರುತ್ತದೆ. ಆದ್ದರಿಂದ ಆ 52 ಲೀಟರ್ ಸುಮಾರು 34 ಲೀಟರ್ ಪೆಟ್ರೋಲ್‌ಗೆ ಸಮ, ಒಟ್ಟು ಶಕ್ತಿ 1,100 ಮೆಗಾಜೂಲ್. ಚರಟದಲ್ಲಿ ಸಕ್ಕರೆ ಶೇ. 5ಕ್ಕೆ ಇಳಿದಿದ್ದರೆ ಇಂಧನ ಅರ್ಧವಾಗುತ್ತದೆ. ಕಾಯಿಸುವ ಖರ್ಚು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕಾಯಿಸುವ ಖರ್ಚು ಎಂದೆನಲ್ಲ, ಅದನ್ನು ಬಿಡಿಸಿ ನೋಡಬೇಕು. ಹುದುಗಿ ಮುಗಿದಾಗ ನಿಮ್ಮ ಟ್ಯಾಂಕಿನಲ್ಲಿ 950 ಕೆಜಿಯಷ್ಟು ಮಡ್ಡಿ (ಹುದುಗಿದ ಹಣ್ಣಿನ ಮುದ್ದೆ) ಇರುತ್ತದೆ, ಅದರಲ್ಲಿ ಎಥನಾಲ್ ತೂಕದ ಶೇ. 5ಕ್ಕಿಂತ ಕಡಿಮೆ. ಅಷ್ಟನ್ನು ಪಡೆಯಲು ಅಷ್ಟೂ ಮಡ್ಡಿಯನ್ನು ಕಾಯಿಸಲೇಬೇಕು. 30 ಡಿಗ್ರಿಯಿಂದ 90 ಡಿಗ್ರಿಗೆ ತರಲಿಕ್ಕೇ ಸುಮಾರು 240 ಮೆಗಾಜೂಲ್ ಬೇಕು. ನಂತರ ಆವಿಯನ್ನು ಮತ್ತೆ ಮತ್ತೆ ಮೇಲಕ್ಕೆ ಕಳಿಸಿ ಕೆಳಕ್ಕೆ ಹರಿಸಿ ಶುದ್ಧ ಮಾಡಲು ಹತ್ತಿರತ್ತಿರ ಅಷ್ಟೇ. ಬಿಸಿ ಮರುಬಳಕೆಯ ವ್ಯವಸ್ಥೆ ಇಲ್ಲದ ಸಣ್ಣ ಭಟ್ಟಿಯಲ್ಲಿ, ಪಡೆದ ಎಥನಾಲ್‌ನ ಶಕ್ತಿಯಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಭಟ್ಟಿಯೇ ತಿಂದುಬಿಡುತ್ತದೆ. ಸಕ್ಕರೆ ಶೇ. 5 ಇರುವ ಚರಟವಾದರೆ ಮೂಗಿಗಿಂತ ಮೂಗುತಿ ಭಾರ: ಬರುವ ಶಕ್ತಿಯ ಮುಕ್ಕಾಲು ಪಾಲು ಕಾಯಿಸುವುದಕ್ಕೇ ಹೋಗುತ್ತದೆ.

ಕಬ್ಬಿನ ಜೊತೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಟನ್ ಕಬ್ಬಿನಿಂದ ನೇರವಾಗಿ 70–80 ಲೀಟರ್ ಎಥನಾಲ್ ಬರುತ್ತದೆ, ಹಣ್ಣಿಗಿಂತ ಭಾರೀ ಹೆಚ್ಚೇನಲ್ಲ. ಆದರೆ ಕಬ್ಬು ತನ್ನ ಉರುವಲನ್ನು ತಾನೇ ಹೊತ್ತು ತರುತ್ತದೆ. ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿದರೆ ಭಟ್ಟಿಯ ಹಬೆ ಪೂರ್ತಿ ಅದರಿಂದಲೇ ಸಿಗುತ್ತದೆ, ಮೇಲೆ ವಿದ್ಯುತ್ತೂ ಉಳಿಯುತ್ತದೆ. ಬ್ರೆಜಿಲ್‌ನಲ್ಲಿ 1975ರಿಂದ ಎಥನಾಲ್ ಕಾರ್ಯಕ್ರಮ ನಿಂತುಕೊಂಡಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಹಣ್ಣಿನ ಚರಟ ಹಸಿಹಸಿ, ಬಾಯ್ಲರಿಗೆ ಹಾಕಿದರೆ ಬೆಂಕಿ ಆರುತ್ತದೆ. ಇನ್ನು ಮೆಕ್ಕೆಜೋಳ: ಒಣಗಿದ ಕಾಳು, ಟನ್‌ಗೆ 400 ಲೀಟರ್. ಅಲ್ಲಿ ನೀರನ್ನು ತಮಗೆ ಬೇಕಾದಷ್ಟೇ ಬೆರೆಸಿಕೊಳ್ಳುತ್ತಾರೆ. ಹಣ್ಣಿನಲ್ಲಿ ಆ ಸ್ವಾತಂತ್ರ್ಯ ಇಲ್ಲ, ಅದು ನೀರನ್ನು ಕಟ್ಟಿಕೊಂಡೇ ಬರುತ್ತದೆ.

ಬಟ್ಟಿಯ ಕೊನೆಯಲ್ಲಿ ಇನ್ನೊಂದು ಗೋಡೆ ಇದೆ. ಎಷ್ಟೇ ಎತ್ತರದ ಕಾಲಮ್ (ಆವಿ ಮೇಲೇರಿ ಶುದ್ಧವಾಗುವ ಗೋಪುರ) ಕಟ್ಟಿದರೂ ತೂಕದ ಶೇ. 95.6ರಲ್ಲಿ ಎಥನಾಲ್ ಮತ್ತು ನೀರು ಜೊತೆಯಾಗಿಯೇ ಕುದಿಯುತ್ತವೆ, ಮುಂದೆ ಬೇರೆಯಾಗುವುದಿಲ್ಲ. ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಶೇ. 99ಕ್ಕೂ ಮೇಲೆ ಶುದ್ಧವಾಗಿರಬೇಕು. ಇಲ್ಲವಾದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತವೆ, ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಉಳಿದ ನೀರನ್ನು ತೆಗೆಯಲು ಈಗ ಜಿಯೊಲೈಟ್ ಜರಡಿಗಳನ್ನು ಬಳಸುತ್ತಾರೆ: ಅದರ ರಂಧ್ರದೊಳಗೆ ನೀರಿನ ಅಣು ನುಗ್ಗುತ್ತದೆ, ಎಥನಾಲ್ ನುಗ್ಗಲಾರದು. ಶೇ. 95ರ ಹಸಿ ಎಥನಾಲನ್ನು ಹಾಗೆಯೇ ಸುಡುವ ವಾಹನಗಳೂ ಇವೆ, ಬ್ರೆಜಿಲ್‌ನ ಬಂಕ್‌ಗಳಲ್ಲಿ ಅದು ಪ್ರತ್ಯೇಕವಾಗಿಯೇ ಸಿಗುತ್ತದೆ. ಆದರೆ ಅದಕ್ಕೆ ಇಂಧನ ಪೂರೈಕೆ, ಸೀಲ್, ಪೈಪ್ ಎಲ್ಲ ಹೊಂದಿಸಿದ ಎಂಜಿನ್ ಬೇಕು. ವಿಡಿಯೊದಲ್ಲಿ ಬೈಕ್ ಹತ್ತು ನಿಮಿಷ ಓಡಿತು ಎಂದರೆ ಹತ್ತು ತಿಂಗಳು ಓಡುತ್ತದೆ ಎಂದೇನೂ ಅಲ್ಲ. ಡೀಸೆಲ್ ಎಂಜಿನ್‌ಗಂತೂ ಇದನ್ನು ಸುರಿಯಲೇಬೇಡಿ.

ಈಗ ಹುದುಗುವಿಕೆಗೆ ಬರುತ್ತೇನೆ. ಇಲ್ಲಿ ಕೈ ಪಳಗಿದರೆ ಇಳುವರಿಯಲ್ಲಿ ನಿಜವಾದ ವ್ಯತ್ಯಾಸ ಕಾಣುತ್ತದೆ.

ಹಣ್ಣು ಯೀಸ್ಟ್‌ಗೆ ಒಗ್ಗುವ ಕಚ್ಚಾವಸ್ತು. ಧಾನ್ಯದ ಹಾಗೆ ಪಿಷ್ಟ ಬೇಯಿಸಿ ಕಿಣ್ವ ಹಾಕಿ ಸಕ್ಕರೆ ಮಾಡಬೇಕಿಲ್ಲ, ಸಕ್ಕರೆ ಸಿದ್ಧವಾಗಿಯೇ ಇದೆ. ಹೆಚ್ಚಿನ ಹಣ್ಣುಗಳ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.5ರಿಂದ 4.5ರ ನಡುವೆ ಇರುವುದರಿಂದ ಹಲವು ಬ್ಯಾಕ್ಟೀರಿಯಾಗಳಿಗೆ ತಾನಾಗಿಯೇ ತಡೆ ಬೀಳುತ್ತದೆ. ಬಾಳೆಯಲ್ಲಿ ಮಾತ್ರ ಕಾಯಿಯ ಹದದಲ್ಲಿದ್ದರೆ ತಿರುಳಿನ ಐದನೇ ಒಂದು ಭಾಗ ಪಿಷ್ಟವೇ ಆಗಿರುತ್ತದೆ. ಪೂರ್ತಿ ಮಾಗಿದಾಗ ಅದು ಶೇ. 1–2ಕ್ಕೆ ಇಳಿದು ಉಳಿದದ್ದು ಸಕ್ಕರೆಯಾಗುತ್ತದೆ. ಆದ್ದರಿಂದ ಬಾಳೆಯನ್ನು ಚುಕ್ಕೆ ಬೀಳುವವರೆಗೆ ಇಟ್ಟು ಕಾಯುವುದು ಲಾಭ. ಉಳಿದ ಹಣ್ಣುಗಳಲ್ಲಿ ಕಾಯುವುದು ನಷ್ಟ.

ಏಕೆಂದರೆ ಹಣ್ಣು ಒಡೆದ ಗಳಿಗೆಯಿಂದಲೇ ಕಳ್ಳತನ ಶುರು. ಸಿಪ್ಪೆಯ ಮೇಲಿನ ಕಾಡು ಯೀಸ್ಟ್‌ಗಳು ಸಕ್ಕರೆಗೆ ಕೈ ಹಾಕುತ್ತವೆ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲ ಮಾಡುತ್ತವೆ, ಗಾಳಿ ಸಿಕ್ಕಿದರೆ ಅಸಿಟೊಬ್ಯಾಕ್ಟರ್ ಆಗಲೇ ಆದ ಆಲ್ಕೋಹಾಲನ್ನೂ ವಿನೆಗರ್ ಮಾಡಿಬಿಡುತ್ತದೆ. ಅಂಗಳದಲ್ಲಿ ಎರಡು ಮೂರು ದಿನ ಬಿದ್ದ ರಾಶಿಯ ಹತ್ತಿರ ಹೋದರೆ ಮೂಗಿಗೆ ಬಡಿಯುವ ಆ ಹುಳಿ ಘಾಟು ಇದೆಯಲ್ಲ, ಅದು ನಿಮ್ಮ ಇಂಧನವೇ ಹಾರಿಹೋಗುತ್ತಿರುವ ವಾಸನೆ. ಚರಟ ಬಿದ್ದ ದಿನವೇ ಟ್ಯಾಂಕಿಗೆ ಹೋಗಬೇಕು. ಆಗದಿದ್ದರೆ ರಸವನ್ನು ಹಿಂಡಿ ತೆಗೆದು ಬತ್ತಿಸಿ ಪಾಕ ಮಾಡಿಡಬೇಕು, ಆದರೆ ಬತ್ತಿಸುವುದಕ್ಕೂ ಶಾಖ ಬೇಕಲ್ಲ.

ಟ್ಯಾಂಕಿನಲ್ಲಿ ಏನಾಗುತ್ತದೆ ಎಂದರೆ: ಹಣ್ಣನ್ನು ನುಣ್ಣಗೆ ಅರೆದು 45–50 ಡಿಗ್ರಿಯಲ್ಲಿ, ಹಣ್ಣಿನ ಅಂಟಾದ ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ ಹಾಕಿದರೆ ಒಂದೆರಡು ಗಂಟೆಯಲ್ಲಿ ಅಂಟಂಟು ಮುದ್ದೆ ಸಡಿಲವಾಗಿ ತಿಳಿ ಬಿಡುತ್ತದೆ. ಸಡಿಲವಾಗದ ಮುದ್ದೆಯಲ್ಲಿ ಯೀಸ್ಟ್ ಒಳಗೆ ಇಳಿಯದು, ಅನಿಲ ಹೊರಬರದು, ಟ್ಯಾಂಕ್ ಉಕ್ಕಿ ಚೆಲ್ಲುತ್ತದೆ. 32 ಡಿಗ್ರಿಗೆ ತಂಪಾಗಿಸಿ ಯೀಸ್ಟ್ ಬೆರೆಸಬೇಕು. ಜೊತೆಗೆ ಸ್ವಲ್ಪ ಯೂರಿಯಾ ಅಥವಾ ಡೈಅಮೋನಿಯಂ ಫಾಸ್ಫೇಟ್. ಹಣ್ಣಿನಲ್ಲಿ ಸಕ್ಕರೆ ಧಾರಾಳ, ಸಾರಜನಕ ಮಾತ್ರ ಬಡವರ ಮನೆಯ ಲೆಕ್ಕ. ಸಾರಜನಕ ಸಾಲದಿದ್ದರೆ ಯೀಸ್ಟ್ ನಡುವೆ ಕೈಚೆಲ್ಲುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಸಕ್ಕರೆ ಹಾಗೆಯೇ ಉಳಿಯುತ್ತದೆ. ಸರಿಯಾಗಿ ನಡೆದರೆ ಕೆಲವೇ ಗಂಟೆಗಳಲ್ಲಿ ನಾರು, ಸಿಪ್ಪೆಯ ಚೂರು ಎಲ್ಲ ಅನಿಲದ ಮೇಲೆ ತೇಲಿ ದಪ್ಪ ಟೋಪಿಯಂತೆ ಕಟ್ಟುತ್ತದೆ. ಅದನ್ನು ದಿನಕ್ಕೆ ಕೆಲವು ಬಾರಿ ಕೆಳಕ್ಕೆ ಅದುಮಬೇಕು, ಇಲ್ಲವಾದರೆ ಒಣಗಿದ ಟೋಪಿಯ ಮೇಲೆ ವಿನೆಗರ್ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತದೆ. ಯೀಸ್ಟ್ ತಾನೇ ಶಾಖ ಬಿಡುತ್ತದೆ: ಶೇ. 10 ಸಕ್ಕರೆಯ ಮಡ್ಡಿ ತಣಿಯಲು ದಾರಿಯೇ ಇಲ್ಲದಿದ್ದರೆ 10 ಡಿಗ್ರಿಗೂ ಹೆಚ್ಚು ಬಿಸಿಯಾಗಬಹುದು. 38–40 ಡಿಗ್ರಿ ದಾಟಿತೆಂದರೆ ಸಾಮಾನ್ಯ ಯೀಸ್ಟ್ ಸೋಲುತ್ತದೆ. ಎರಡು ಮೂರು ದಿನದಲ್ಲಿ ಗುಳ್ಳೆ ನಿಂತು ಟೋಪಿ ತಳಕ್ಕೆ ಇಳಿಯುತ್ತದೆ.

ಸಕ್ಕರೆ ಅಳೆಯುವ ವಿಚಾರದಲ್ಲಿ ಒಂದು ಮಾತು, ಇದರಲ್ಲಿ ಅನೇಕರು ಎಡವುತ್ತಾರೆ. ನಿಮ್ಮ ಘಟಕದಲ್ಲಿ ರಸದ ಬ್ರಿಕ್ಸ್ ನೋಡಲು, ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ರಿಫ್ರಾಕ್ಟೊಮೀಟರ್ ಇದ್ದೇ ಇರುತ್ತದೆ. ಹುದುಗುವ ಮೊದಲು ಅದು ಉಪಯುಕ್ತ, ಆದರೆ ಬ್ರಿಕ್ಸ್ ಎಂದರೆ ಕರಗಿದ ಎಲ್ಲ ಘನದ ಲೆಕ್ಕ. ಆಮ್ಲ, ಲವಣ, ಪೆಕ್ಟಿನ್ ಕೂಡ ಅದರಲ್ಲಿ ಸೇರಿರುತ್ತವೆ. 12 ಬ್ರಿಕ್ಸ್ ಕಂಡರೆ ಹುದುಗಬಲ್ಲ ಸಕ್ಕರೆ ಅದಕ್ಕಿಂತ ಕಡಿಮೆ ಎಂದುಕೊಳ್ಳಿ. ಹುದುಗಲು ಶುರುವಾದ ಮೇಲಂತೂ ಆ ಉಪಕರಣ ದಾರಿ ತಪ್ಪಿಸುತ್ತದೆ. ಆಲ್ಕೋಹಾಲ್ ಕೂಡ ಬೆಳಕನ್ನು ಬಾಗಿಸುವುದರಿಂದ, ಸಕ್ಕರೆ ಮುಗಿದಿದ್ದರೂ ಇನ್ನೂ ಇದೆ ಎಂದು ತೋರಿಸುತ್ತದೆ. ಆಗ ತೇಲುವ ಹೈಡ್ರೊಮೀಟರ್ ಬಳಸಿ.

ಸಿಪ್ಪೆಯಿಂದಲೂ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ, ಆದರೆ ಅದು ಬೇರೆಯೇ ಆಟ. ಸಿಪ್ಪೆಯ ಸಕ್ಕರೆ ಬಹುಪಾಲು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಪೆಕ್ಟಿನ್ ಎಂಬ ಬೀಗಗಳ ಒಳಗಿರುತ್ತದೆ. ಬಿಸಿ ಹಬೆ ಅಥವಾ ದುರ್ಬಲ ಆಮ್ಲದಲ್ಲಿ 150–200 ಡಿಗ್ರಿಯಲ್ಲಿ ಬೇಯಿಸಿ, ಸೆಲ್ಯುಲೇಸ್ ಕಿಣ್ವ ಹಾಕಿ ಬಿಡಿಸಬೇಕು. ಬಿಡಿಸಿದ ಮೇಲೂ ಎಲ್ಲವೂ ಯೀಸ್ಟ್‌ಗೆ ರುಚಿಸುವುದಿಲ್ಲ. ಹೆಮಿಸೆಲ್ಯುಲೋಸ್‌ನಿಂದ ಬರುವ ಜೈಲೋಸನ್ನೂ ಪೆಕ್ಟಿನ್‌ನಿಂದ ಬರುವ ಗ್ಯಾಲಕ್ಟುರಾನಿಕ್ ಆಮ್ಲವನ್ನೂ ಸಾಮಾನ್ಯ ಯೀಸ್ಟ್ ಮುಟ್ಟುವುದೇ ಇಲ್ಲ. ಅದಕ್ಕಾಗಿ ವಂಶವಾಹಿ ಮಾರ್ಪಡಿಸಿದ ಈಕೋಲಿ ಬ್ಯಾಕ್ಟೀರಿಯಾ, ಯೀಸ್ಟ್‌ಗಳನ್ನು ಪ್ರಯೋಗಾಲಯಗಳಲ್ಲಿ ಬಳಸಿ ಯಶಸ್ಸು ಕಂಡಿದ್ದಾರೆ.

ಕಿತ್ತಳೆ ಜಾತಿಯ ಸಿಪ್ಪೆಯದು ಇನ್ನೊಂದು ತಕರಾರು. ರಸ ತೆಗೆದ ಮೇಲೆ ಹಣ್ಣಿನ ತೂಕದ ಅರ್ಧದಷ್ಟು ಉಳಿಯುವುದರಿಂದ ರಾಶಿ ದೊಡ್ಡದು, ಆಸೆಯೂ ದೊಡ್ಡದು. ಆದರೆ ಆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಸೂಕ್ಷ್ಮಜೀವಿಗಳಿಗೆ ವಿಷ. ಮಡ್ಡಿಯಲ್ಲಿ ಶೇ. 0.1ರಷ್ಟು ಇದ್ದರೂ ಯೀಸ್ಟ್ ನರಳುತ್ತದೆ. ಮೊದಲು ಹಬೆ ಹಾಯಿಸಿ ಅದನ್ನು ತೆಗೆಯಬೇಕು. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಹೊರಬಂದ ಲಿಮೊನೀನ್ ಸುಗಂಧಕ್ಕೂ ದ್ರಾವಕವಾಗಿಯೂ ಮಾರಾಟವಾಗುವ ವಸ್ತು. ಅದೇ ಸಿಪ್ಪೆಯ ಪೆಕ್ಟಿನ್ ಜಾಮ್, ಜೆಲ್ಲಿ ಗಟ್ಟಿ ಮಾಡಲು ಬೇಕಾದದ್ದು. ಇವೆರಡರ ಬೆಲೆಯ ಮುಂದೆ ಇಂಧನದ ಬೆಲೆ ನಿಲ್ಲುವುದಿಲ್ಲ. ಸಿಪ್ಪೆಯನ್ನು ಇಂಧನ ಎಂದು ನೋಡುವ ಮೊದಲು ಪೆಕ್ಟಿನ್ ಎಂದು ನೋಡಿ. ಸೇಬಿನ ಚರಟಕ್ಕೂ ಈ ಮಾತು ಸಲ್ಲುತ್ತದೆ.

ಪೆಕ್ಟಿನ್‌ನ ಮಾತು ಬಂದಾಗ ಒಂದು ಎಚ್ಚರಿಕೆ. ಅದು ಒಡೆಯುವಾಗ ಮೆಥನಾಲ್ ಬಿಡುಗಡೆಯಾಗುತ್ತದೆ. ಇಂಧನದಲ್ಲಿ ಅದರಿಂದ ತೊಂದರೆ ಇಲ್ಲ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಹಣ್ಣಿನ ಚರಟದ ಸ್ಪಿರಿಟ್ ಕುಡಿಯುವ ವಸ್ತುವಲ್ಲ ಎಂಬುದು ನಿಮ್ಮ ಘಟಕದ ಪ್ರತಿ ಕೆಲಸಗಾರರಿಗೂ ತಿಳಿದಿರಬೇಕು, ಡಬ್ಬಿಯ ಮೇಲೆ ಬರೆದಿರಬೇಕು.

ಇನ್ನು ಪೈರಾಲಿಸಿಸ್. ಗಾಳಿಯಿಲ್ಲದೆ 500 ಡಿಗ್ರಿಯಲ್ಲಿ ಕ್ಷಣಮಾತ್ರದಲ್ಲಿ ಕಾಯಿಸಿ ಆವಿಯನ್ನು ತಣಿಸಿದರೆ ಕಪ್ಪು ಎಣ್ಣೆ ಸಿಗುತ್ತದೆ. ಒಣ ಮರದ ಪುಡಿಯಲ್ಲಾದರೆ ತೂಕದ ಶೇ. 60–75ರವರೆಗೂ ಎಣ್ಣೆಯೇ. ಆದರೆ ಒಣ ಎಂಬ ಪದದ ಕೆಳಗೆ ಗೆರೆ ಎಳೆಯಿರಿ: ತೇವಾಂಶ ಶೇ. 10ಕ್ಕಿಂತ ಕಡಿಮೆ ಇರಬೇಕು. ನಿಮ್ಮ ಒಂದು ಟನ್ ಚರಟದಲ್ಲಿ 850 ಕೆಜಿ ನೀರಿದ್ದರೆ, ಪ್ರತಿ ಕೆಜಿ ನೀರನ್ನು ಕಾಯಿಸಿ ಆವಿ ಮಾಡಲು 2.6 ಮೆಗಾಜೂಲ್‌ನಂತೆ ಒಟ್ಟು 2,200 ಮೆಗಾಜೂಲ್ ಬೇಕು. ಉಳಿದ 150 ಕೆಜಿ ಒಣ ಪದಾರ್ಥದಲ್ಲಿರುವ ಶಕ್ತಿಯೇ 2,500ರ ಆಸುಪಾಸು. ಅಂದರೆ ಗಂಟು ಬಿಚ್ಚುವ ಮೊದಲೇ ಖಾಲಿ. ಬಿಸಿಲಲ್ಲಿ ಒಣಗಿಸಬಹುದಲ್ಲ ಎಂದರೆ, ಒಣಗುವುದರೊಳಗೆ ಅದು ಕೊಳೆಯುತ್ತದೆ, ನೊಣ ಮುತ್ತುತ್ತದೆ. ಹೇಗೋ ಎಣ್ಣೆ ಬಂದಿತೆನ್ನಿ, ಅದರಲ್ಲೂ ಶೇ. 15–30 ನೀರು, ಪಿಎಚ್ 2.5ರಷ್ಟು ಹುಳಿ, ಪೆಟ್ರೋಲ್ ಅಥವಾ ಡೀಸೆಲ್ ಜೊತೆ ಬೆರೆಯುವುದಿಲ್ಲ. ಹಣ್ಣಿನ ಘಟಕಕ್ಕೆ ಪೈರಾಲಿಸಿಸ್ ಯಂತ್ರ ಮಾರಲು ಬಂದವರಿಗೆ ಮೊದಲು ಕೇಳಬೇಕಾದ ಪ್ರಶ್ನೆ, ಒಣಗಿಸುವ ಶಾಖ ಎಲ್ಲಿಂದ ಎಂದು. ಗೊರಟಿನ ಗಟ್ಟಿ ಓಡು, ಒಣ ಬೀಜದ ಸಿಪ್ಪೆ ಮಾತ್ರ ಇದಕ್ಕೆ ಅಪವಾದ. ಆದರೆ ಅವನ್ನು ನೇರವಾಗಿ ಬಾಯ್ಲರಿಗೆ ಹಾಕುವುದೇ ಜಾಣತನ.

ಒಣಗಿಸದೆಯೇ ಎಣ್ಣೆ ಮಾಡುವ ದಾರಿಯೂ ಇದೆ. ಜಲೋಷ್ಣ ದ್ರವೀಕರಣ ಎನ್ನಬಹುದು: ಹಸಿ ಮುದ್ದೆಯನ್ನು 280ರಿಂದ 370 ಡಿಗ್ರಿಗೆ, ಸುತ್ತಲಿನ ಗಾಳಿಯ ಒತ್ತಡದ ನೂರರಿಂದ ಇನ್ನೂರು ಪಟ್ಟಿಗೂ ಮೇಲಿನ ಒತ್ತಡದಲ್ಲಿ ಕಾಯಿಸುತ್ತಾರೆ. ಅಷ್ಟು ಒತ್ತಡದಲ್ಲಿ ನೀರು ಆವಿಯಾಗದೆ ದ್ರವವಾಗಿಯೇ ಉಳಿದು ತಾನೇ ದ್ರಾವಕದ ಕೆಲಸ ಮಾಡುತ್ತದೆ. ಕೇಳಲು ಸೊಗಸು. ಆದರೆ ಈ ವಿಧಾನ ಕೊಬ್ಬು ಹೆಚ್ಚಿರುವ ಪಾಚಿಯಂಥ ವಸ್ತುವಿಗೆ ಚೆನ್ನ. ಸಕ್ಕರೆ, ನಾರು ಹೆಚ್ಚಿರುವ ಹಣ್ಣಿನಲ್ಲಿ ಎಣ್ಣೆ ಕಡಿಮೆ, ಇದ್ದಿಲು ಜಾಸ್ತಿ. ಒತ್ತಡದ ಪಾತ್ರೆಗಳು ಸಣ್ಣ ಘಟಕದ ಕೈಗೆಟಕುವಂಥವೂ ಅಲ್ಲ.

ಬ್ಯುಟನಾಲ್ ಎಂಬ ಇನ್ನೊಂದು ಆಲ್ಕೋಹಾಲ್ ಬಗ್ಗೆಯೂ ಕೇಳಿರಬಹುದು. ಶಕ್ತಿಯಲ್ಲಿ ಎಥನಾಲ್‌ಗಿಂತ ಮೇಲು, ಪೆಟ್ರೋಲ್‌ಗೆ ಹತ್ತಿರ, ನೀರಿನ ಗೀಳೂ ಕಡಿಮೆ. ಕ್ಲೊಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಸಿಟೋನ್, ಬ್ಯುಟನಾಲ್, ಎಥನಾಲ್ ಮೂರನ್ನೂ 3:6:1ರ ಪ್ರಮಾಣದಲ್ಲಿ ಮಾಡುತ್ತದೆ. ಇದನ್ನು ಕೈಗಾರಿಕೆಯಾಗಿ ಬೆಳೆಸಿದವರು ರಸಾಯನಶಾಸ್ತ್ರಜ್ಞ ಹೈಮ್ ವೈಜ್‌ಮನ್, ಮುಂದೆ ಇಸ್ರೇಲ್‌ನ ಮೊದಲ ಅಧ್ಯಕ್ಷರಾದವರು. ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿಗೆ ಅಸಿಟೋನ್ ಬೇಕಿತ್ತು. ಧಾನ್ಯದ ಅಭಾವ ಬಂದಾಗ 1917ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಂದ ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಕಾಯಿಗಳನ್ನು ಟನ್‌ಗಟ್ಟಲೆ ಆರಿಸಿ ತರಿಸಿದರು. ರಾಶಿಗಳು ರೈಲು ನಿಲ್ದಾಣಗಳಲ್ಲೇ ಕೊಳೆತವು, ಕಾರ್ಖಾನೆಯಲ್ಲೂ ಅವು ಚೆನ್ನಾಗಿ ಹುದುಗಲಿಲ್ಲ. ನೂರು ವರ್ಷಗಳ ನಂತರವೂ ಹಣ್ಣಿನ ತ್ಯಾಜ್ಯದ ಯೋಜನೆಗಳು ಕುಂಟುವುದು ಇದೇ ಎರಡು ಕಾಲಿನ ಮೇಲೆ: ಸಾಗಣೆ, ಕೊಳೆತ. ಬ್ಯುಟನಾಲ್‌ಗೆ ತನ್ನದೇ ಕೊರತೆಯೂ ಇದೆ. ಮಡ್ಡಿಯಲ್ಲಿ ದ್ರಾವಕಗಳು ಶೇ. 2 ತಲುಪುವಷ್ಟರಲ್ಲಿ ಬ್ಯಾಕ್ಟೀರಿಯಾ ತನ್ನ ವಿಷಕ್ಕೆ ತಾನೇ ಬಲಿಯಾಗುತ್ತದೆ. ಬ್ಯುಟನಾಲ್ ಕುದಿಯುವುದು 118 ಡಿಗ್ರಿಯಲ್ಲಿ, ನೀರಿಗಿಂತ ಮೇಲೆ. ಹೀಗಾಗಿ ಎಥನಾಲ್‌ಗಿಂತಲೂ ತೆಳುವಾದ ಮಡ್ಡಿ, ಇನ್ನೂ ಹೆಚ್ಚು ನೀರಿನ ಕಾಟ.

ನೀರಿನ ಕಾಟವನ್ನೇ ತಪ್ಪಿಸಿಕೊಳ್ಳುವ ಒಂದು ಚೆಂದದ ರಸಾಯನಶಾಸ್ತ್ರ ಇದೆ, ಹಣ್ಣಿನ ಸಕ್ಕರೆಗೆ ಹೇಳಿಮಾಡಿಸಿದಂಥದ್ದು. ಫ್ರಕ್ಟೋಸನ್ನು ಆಮ್ಲದಲ್ಲಿ ಕಾಯಿಸಿದರೆ ಮೂರು ನೀರಿನ ಅಣು ಕಳಚಿಕೊಂಡು ಹೈಡ್ರಾಕ್ಸಿಮೀಥೈಲ್‌ಫರ್ಫ್ಯುರಾಲ್ ಆಗುತ್ತದೆ. ಅದಕ್ಕೆ ತಾಮ್ರ–ರುಥೇನಿಯಂ ವೇಗವರ್ಧಕದ ಮೇಲೆ ಹೈಡ್ರೊಜನ್ ಸೇರಿಸಿದರೆ ಡೈಮೀಥೈಲ್‌ಫ್ಯುರಾನ್ ಎಂಬ ದ್ರವ ಇಂಧನ. ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಡುಮೆಸಿಕ್ ಅವರ ತಂಡ 2007ರಲ್ಲಿ ಈ ದಾರಿಯನ್ನು ತೋರಿಸಿತು. ಲೀಟರ್‌ಗೆ ಎಥನಾಲ್‌ಗಿಂತ ಶೇ. 40 ಹೆಚ್ಚು ಶಕ್ತಿ, ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ನೀರಿನಿಂದ ಬೇರ್ಪಡಿಸಲು ಎಥನಾಲ್‌ನಂತೆ ಒದ್ದಾಡಬೇಕಿಲ್ಲ. ತೊಡಕು ಎಲ್ಲಿ ಎಂದರೆ, ನಡುವಿನ ಫರ್ಫ್ಯುರಾಲ್ ಸಂಯುಕ್ತ ಬಹಳ ಚಂಚಲ, ಕಪ್ಪು ಗೋಂದಾಗಿ ಕಟ್ಟಿಕೊಳ್ಳುತ್ತದೆ. ಹಣ್ಣಿನ ರಸದಲ್ಲಿರುವ ಲವಣಗಳು ವೇಗವರ್ಧಕಕ್ಕೆ ಆಗಿಬರುವುದಿಲ್ಲ. ಹೈಡ್ರೊಜನ್‌ನ ಖರ್ಚು ಬೇರೆ. ಅದೇ ಸಂಯುಕ್ತದಿಂದ ಬಾಟಲಿಯ ಪ್ಲಾಸ್ಟಿಕ್ ಮಾಡಿದರೆ ಇಂಧನಕ್ಕಿಂತ ಒಳ್ಳೆಯ ಬೆಲೆ ಎಂದು ಕಂಡುಕೊಂಡ ಉದ್ಯಮ ಆ ಕಡೆಗೆ ವಾಲಿತು. ಬಂಕಿನಲ್ಲಿ ಸಿಗುವ ಇಂಧನವಾಗಿ ಅದು ಇನ್ನೂ ಬಂದಿಲ್ಲ.

ಗೊರಟಿನ ವಿಷಯ ಚುಟುಕಾಗಿ: ಮಾವಿನ ಗೊರಟಿನೊಳಗಿನ ಬೀಜದಲ್ಲಿ ಒಣತೂಕದ ಶೇ. 10ರ ಆಸುಪಾಸು ಕೊಬ್ಬು, ದ್ರಾಕ್ಷಿ ಬೀಜದಲ್ಲಿ ಶೇ. 10–20 ಎಣ್ಣೆ. ಮೆಥನಾಲ್ ಮತ್ತು ಕ್ಷಾರದ ಜೊತೆ ವರ್ತಿಸಿದರೆ ಬಯೋಡೀಸೆಲ್ ಆಗುತ್ತದೆ, ತಾಂತ್ರಿಕವಾಗಿ ಕಷ್ಟವೇನಲ್ಲ. ಆದರೆ ಎರಡಕ್ಕೂ ಸೌಂದರ್ಯವರ್ಧಕ ಮತ್ತು ಆಹಾರ ಉದ್ಯಮದಲ್ಲಿ ಗಿರಾಕಿ ಇದೆ. ಡೀಸೆಲ್ ಟ್ಯಾಂಕಿಗೆ ಹಾಕುವುದು ದುಂದು.

ಹಾಗಾದರೆ ಎಲ್ಲೂ ಇದು ನಡೆಯುತ್ತಿಲ್ಲವೇ? ನಡೆಯುತ್ತಿದೆ, ಎಲ್ಲಿ ಎಂಬುದನ್ನು ಗಮನಿಸಿ. ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ವೈನ್ ತಯಾರಿಕೆಯ ನಂತರ ಉಳಿಯುವ ದ್ರಾಕ್ಷಿ ಚರಟ ಮತ್ತು ತಳದ ಗಸಿಯನ್ನು ಡಿಸ್ಟಿಲರಿಗಳು ಸಂಗ್ರಹಿಸಿ ಬಟ್ಟಿ ಇಳಿಸುತ್ತವೆ, ಅದರ ಆಲ್ಕೋಹಾಲ್ ಇಂಧನಕ್ಕೂ ಹೋಗುತ್ತದೆ. ಐರೋಪ್ಯ ಒಕ್ಕೂಟದ ನವೀಕರಿಸಬಹುದಾದ ಇಂಧನ ನಿರ್ದೇಶನ ಇವೆರಡನ್ನೂ ಮುಂದುವರಿದ ಜೈವಿಕ ಇಂಧನದ ಕಚ್ಚಾವಸ್ತು ಎಂದು ಹೆಸರಿಸಿದೆ. ಇಲ್ಲಿ ಗೆಲುವಿನ ಗುಟ್ಟು ಇಷ್ಟೆ: ದ್ರಾಕ್ಷಿಯಲ್ಲಿ ಸಕ್ಕರೆ ಹೆಚ್ಚು, ಹುದುಗುವಿಕೆ ಮೊದಲೇ ಮುಗಿದಿರುತ್ತದೆ, ರಾಶಿ ಒಂದೇ ಕಡೆ ಸಿಗುತ್ತದೆ, ಡಿಸ್ಟಿಲರಿಗಳು ಬೀಜ, ಟಾರ್ಟಾರಿಕ್ ಆಮ್ಲ ಎಲ್ಲವನ್ನೂ ಬೇರ್ಪಡಿಸಿ ಮಾರುತ್ತವೆ. ಇಂಧನ ಅಲ್ಲಿ ಹಲವು ಉತ್ಪನ್ನಗಳಲ್ಲಿ ಒಂದು. ಇದಕ್ಕೆ ಎದುರಾಗಿ, ಜರ್ಮನಿಯ ಸ್ಟುಟ್‌ಗಾರ್ಟ್‌ನ ಸಗಟು ಮಾರುಕಟ್ಟೆಯ ಪಕ್ಕದಲ್ಲಿ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ ಹಣ್ಣು–ತರಕಾರಿಯ ಮಿಶ್ರ ತ್ಯಾಜ್ಯಕ್ಕೆಂದು 2012ರ ಸುಮಾರಿಗೆ ಪ್ರಾಯೋಗಿಕ ಘಟಕ ಕಟ್ಟಿದಾಗ ಆರಿಸಿಕೊಂಡದ್ದು ಎಥನಾಲನ್ನಲ್ಲ, ವಾಹನಕ್ಕೆ ತುಂಬುವ ಮೀಥೇನನ್ನು, ಅಂದರೆ ಗೋಬರ್ ಗ್ಯಾಸ್‌ನಂಥ ಜೈವಿಕ ಅನಿಲದಲ್ಲಿ ಉರಿಯುವ ಭಾಗವನ್ನು.

ಯಾಕೆ ಎಂಬುದು ಲೆಕ್ಕದಲ್ಲೇ ಕಾಣುತ್ತದೆ. ಮೀಥೇನ್ ತಾನಾಗಿ ಗುಳ್ಳೆಯಾಗಿ ಮೇಲೆ ಬರುತ್ತದೆ, ನೀರನ್ನು ಕುದಿಸಬೇಕಿಲ್ಲ. ಯೀಸ್ಟ್ ಮುಟ್ಟದ ಪೆಕ್ಟಿನ್, ಜೈಲೋಸ್, ಆಮ್ಲ ಎಲ್ಲವೂ ಬ್ಯಾಕ್ಟೀರಿಯಾಗಳಿಗೆ ಊಟ. ಒಂದು ಕೆಜಿ ಸಾವಯವ ಘನಕ್ಕೆ 0.3ರಿಂದ 0.4 ಘನಮೀಟರ್ ಮೀಥೇನ್ ಎಂದು ಹಿಡಿದರೂ, ಅದೇ ಒಂದು ಟನ್ ಹಣ್ಣಿನಿಂದ 1,500ರಿಂದ 2,000 ಮೆಗಾಜೂಲ್ ಸಿಗುತ್ತದೆ. ಎಥನಾಲ್‌ನಲ್ಲಿ ಭಟ್ಟಿಯ ಶಾಖ ಕಳೆದು ಉಳಿದದ್ದು 600–700. ಹಣ್ಣು ಬೇಗ ಹುಳಿಯಾಗಿ ಪಿಎಚ್ ಕುಸಿದರೆ ಮೀಥೇನ್ ಮಾಡುವ ಜೀವಿಗಳು ಮುಷ್ಕರ ಹೂಡುತ್ತವೆ. ಅದಕ್ಕೆ ಸಗಣಿ ಬೆರೆಸುವುದು, ಇಲ್ಲವೇ ಆಮ್ಲದ ಹಂತ ಮತ್ತು ಮೀಥೇನ್ ಹಂತವನ್ನು ಎರಡು ಟ್ಯಾಂಕಿನಲ್ಲಿ ಬೇರೆ ಮಾಡುವುದು ಪರಿಹಾರ.

ನೀವು ಕೇಳಿದ್ದು ದ್ರವ ಇಂಧನ ಎಂಬುದು ಮರೆತಿಲ್ಲ. ಎಥನಾಲ್ ಮಾಡಿದರೂ ಈ ಅನಿಲ ಬೇಕೇ ಬೇಕು. ಭಟ್ಟಿಯ ತಳದಲ್ಲಿ ಪ್ರತಿ ಲೀಟರ್ ಎಥನಾಲ್‌ಗೆ 17 ಲೀಟರ್‌ನಷ್ಟು ಬಿಸಿ ಹುಳಿ ಗಸಿ ಉಳಿಯುತ್ತದೆ. ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕ ಹೀರಿ ಮೀನು ಕೊಲ್ಲುತ್ತದೆ. ಅದನ್ನು ಜೈವಿಕ ಅನಿಲ ಟ್ಯಾಂಕಿಗೆ ಹಾಕಿದರೆ ಟನ್ ಹಣ್ಣಿಗೆ 400–500 ಮೆಗಾಜೂಲ್ ಮರಳಿ ಬರುತ್ತದೆ, ಭಟ್ಟಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಕಬ್ಬಿಗೆ ಸಿಪ್ಪೆ ಮಾಡುವ ಉಪಕಾರವನ್ನು ಹಣ್ಣಿಗೆ ಅದರ ಗಸಿ ಮಾಡಬಲ್ಲದು. ಅನಿಲ ಟ್ಯಾಂಕ್ ಇಲ್ಲದ ಹಣ್ಣಿನ ಎಥನಾಲ್ ಘಟಕದ ನೀಲನಕ್ಷೆ ಯಾರಾದರೂ ತಂದರೆ ನಾನು ಮುಂದಿನ ಪುಟ ತಿರುಗಿಸುವುದಿಲ್ಲ.

ಸಾಗಣೆಯನ್ನೂ ಮರೆಯಬೇಡಿ. ಐದು ಟನ್ ಹೊರುವ ಲಾರಿ ಲೀಟರ್‌ಗೆ 5 ಕಿಮೀ ಓಡುತ್ತದೆ ಎಂದುಕೊಂಡರೆ, 50 ಕಿಮೀ ದೂರದಿಂದ ಚರಟ ತಂದು ಖಾಲಿ ಮರಳಲು 20 ಲೀಟರ್ ಡೀಸೆಲ್, ಟನ್‌ಗೆ 4 ಲೀಟರ್. ಉಳಿಯುವ ಶಕ್ತಿಯ ಐದನೇ ಒಂದು ಭಾಗ ರಸ್ತೆಯಲ್ಲೇ ಕರಗಿತು. ನೀವು ಹೊತ್ತು ತರುತ್ತಿರುವುದು ಬಹುಪಾಲು ನೀರು.

ಈಗ ನಿಮ್ಮ ಅಳತೆಗೆ ಬರೋಣ. ದಿನಕ್ಕೆ ಎರಡು ಟನ್, ಸಕ್ಕರೆ ಶೇ. 10 ಇದ್ದರೆ ನೂರು ಲೀಟರ್ ಎಥನಾಲ್, ಸೀಸನ್ ಮುಗಿದರೆ ಅದೂ ಇಲ್ಲ. ಕಾಲಮ್, ಜರಡಿ, ಬಾಯ್ಲರ್, ಪರವಾನಗಿ ಇಷ್ಟನ್ನು ವರ್ಷದ ಕೆಲವೇ ತಿಂಗಳು ದುಡಿಯುವ ಯಂತ್ರಕ್ಕಾಗಿ ಹಾಕುವುದನ್ನು ನಾನು ಸಲಹೆ ಮಾಡುವುದಿಲ್ಲ. ಬಹುತೇಕ ದೇಶಗಳಲ್ಲಿ ಇಂಧನಕ್ಕಾದರೂ ಸರಿ, ಅನುಮತಿ ಇಲ್ಲದೆ ಬಟ್ಟಿ ಇಳಿಸುವುದು ಅಪರಾಧ. ಕುಡಿಯಲಾಗದಂತೆ ಕೆಡಿಸುವ ನಿಯಮವೂ ಇರುತ್ತದೆ. ಶುದ್ಧ ಎಥನಾಲ್‌ನ ಆವಿ 13–17 ಡಿಗ್ರಿಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಹುದುಗುವ ಕೋಣೆಯ ಅಪಾಯ ಇದಕ್ಕಿಂತ ಮೌನ: ಒಂದು ಟನ್ ಹಣ್ಣಿನಿಂದ ಸುಮಾರು 24 ಘನಮೀಟರ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯನ್ನು ಹೆಚ್ಚುಕಡಿಮೆ ತುಂಬುವಷ್ಟು. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 10 ಆದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಟ್ಯಾಂಕಿನೊಳಗೆ ತೊಳೆಯಲು ಇಳಿಯುವವರ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ.

ನನ್ನ ಸಲಹೆ ಇದು. ಮೊದಲು ತ್ಯಾಜ್ಯವನ್ನು ಒಂದೇ ರಾಶಿ ಎಂದು ನೋಡುವುದನ್ನು ಬಿಟ್ಟು ಹುಟ್ಟುವ ಜಾಗದಲ್ಲೇ ಬೇರೆ ಮಾಡಿ. ಮಾಗಿದ ಹಣ್ಣು, ತಿರುಳಿನ ಟ್ಯಾಂಕ್ ತೊಳೆದ ಮೊದಲ ಸಿಹಿನೀರು, ಪಾಸಾಗದ ರಸ ಒಂದು ಕಡೆ. ಸಿಪ್ಪೆ, ನಾರು ಇನ್ನೊಂದು ಕಡೆ. ಗೊರಟು ಮೂರನೆಯದು. ಒಂದು ಸೀಸನ್ ಪೂರ್ತಿ ಪ್ರತಿ ಪಾಳಿಯಲ್ಲೂ ಮೊದಲ ರಾಶಿಯ ತೂಕ ಮತ್ತು ಬ್ರಿಕ್ಸ್ ಬರೆದಿಡಿ, ಬೆಳಿಗ್ಗೆಯ ಮಾದರಿಯನ್ನು ಸಂಜೆ ಹೈಡ್ರೊಮೀಟರ್ ಇಟ್ಟು ಮತ್ತೊಮ್ಮೆ ಅಳೆಯಿರಿ. ಸಂಜೆಯೊಳಗೆ ಎಷ್ಟು ಸಕ್ಕರೆ ಕಳೆದುಹೋಗುತ್ತದೆ ಎಂಬುದೇ ನಿಮ್ಮ ಟ್ಯಾಂಕಿನ ಗಾತ್ರ, ಕೆಲಸದ ವೇಳೆ ಎರಡನ್ನೂ ನಿರ್ಧರಿಸುತ್ತದೆ. ಸಿಹಿ ರಾಶಿ 12 ಬ್ರಿಕ್ಸ್‌ಗೆ ಮೇಲೆ ನಿಂತು, ಮೊಲಾಸಿಸ್ (ಸಕ್ಕರೆ ಕಾರ್ಖಾನೆಯ ಕಾಕಂಬಿ) ಅಥವಾ ಧಾನ್ಯದಿಂದ ಆಲ್ಕೋಹಾಲ್ ಮಾಡುವ ಡಿಸ್ಟಿಲರಿ 25–30 ಕಿಮೀ ಒಳಗಿದ್ದರೆ, ಆ ರಸವನ್ನು ಅವರಿಗೇ ಕೊಡಿ. ಅವರ ಮಡ್ಡಿ ತೆಳುಮಾಡಲು ಹೇಗೂ ನೀರು ಬೇಕು, ನಿಮ್ಮದು ಸಿಹಿನೀರು. ಹಣ್ಣಿನ ನೀರು ಕಾಟವಾಗದೆ ಉಪಯೋಗಕ್ಕೆ ಬೀಳುವ ಅಪರೂಪದ ಜಾಗ ಅದು. ಸಿಪ್ಪೆ, ನಾರು ನಿಮ್ಮದೇ ಅನಿಲ ಟ್ಯಾಂಕಿಗೆ ಹೋಗಲಿ. ತಿರುಳು ಕಾಯಿಸಲು ನೀವು ಈಗ ಸುಡುತ್ತಿರುವ ಉರುವಲಿನ ಒಂದು ಪಾಲನ್ನು ಅದು ಉಳಿಸುತ್ತದೆ. ಹತ್ತಿರದಲ್ಲಿ ಡಿಸ್ಟಿಲರಿ ಇಲ್ಲ, ಸುತ್ತಲಿನ ಹಣ್ಣಿನ ಘಟಕಗಳು ಸೇರಿ ದಿನಕ್ಕೆ ನೂರಾರು ಟನ್, ಬೇರೆ ಬೇರೆ ಹಣ್ಣಿನಿಂದ ವರ್ಷದ ಹೆಚ್ಚು ತಿಂಗಳು ಕೊಡಬಲ್ಲವು ಎಂದಾದರೆ ಮಾತ್ರ ಸ್ವಂತ ಕಾಲಮ್‌ನ ಮಾತು ತೆಗೆಯಿರಿ. ಆಗ ಬ್ರಿಕ್ಸ್ ಬರೆದಿಟ್ಟ ಆ ಪುಸ್ತಕವನ್ನೇ ಮೊದಲು ಎಂಜಿನಿಯರ್ ಮುಂದೆ ಇಡಿ.